ನಲವತ್ತೇಳನೆಯ ಸಾಲು

ಆಗಸ್ಟಿನಲ್ಲಿ ಕಸ ಗುಡಿಸಿದ್ದೆ.
ಹದಿನೈದು ವರ್ಷ ಯಾರೂ ಮುಟ್ಟದ ಫೈರ್‌ವಾಲು,
ಮುನ್ನೂರ ಹನ್ನೆರಡು ನಿಯಮ:
ಮುಚ್ಚಿಹೋದ ಗ್ರಂಥಾಲಯಕ್ಕೊಂದು ದಾರಿ,
ಗುಜರಿ ಸೇರಿದ ಪ್ರಿಂಟರಿಗೊಂದು ಪರವಾನಗಿ,
ಯಾರೋ ಗ್ಯಾರೆತ್‌ಗೆ ಮನೆಯಿಂದ ಒಳಬರಲು ಅನುಮತಿ.
ಗ್ಯಾರೆತ್ ಸತ್ತು ಆರು ವರ್ಷ,
ಬಾಗಿಲು ಮಾತ್ರ ತೆರೆದೇ ಇತ್ತು.

ನಲವತ್ತೇಳನೆಯ ಸಾಲು. ಬಂದರಿನ ಕಡೆಯಿಂದ
ಒಂದೇ ವಿಳಾಸ, ಒಂದೇ ಪೋರ್ಟು.
ಎಷ್ಟು ಸಲ ಬಳಸಿದ್ದಾರೆ? ಸೊನ್ನೆ.
(ಮೇ ತಿಂಗಳಲ್ಲಿ ಪೆಟ್ಟಿಗೆ ಆರಿಸಿ ಹೊತ್ತಿಸಿದವಳು ನಾನೇ,
ಎಣಿಕೆಯೆಲ್ಲ ಅಂದೇ ಅಳಿಸಿಹೋದದ್ದು
ನೆನಪಿಗೆ ಬರಲಿಲ್ಲ.)
ಪಕ್ಕದಲ್ಲಿ ಷರಾ, ಇಂಗ್ಲಿಷಿನ ನಾಲ್ಕಕ್ಷರ:
ಪಿ, ಎ, ಐ, ಡಿ. ಮುಂದೆ ಆಲ್ವಿನ್ ಎಂಬ ಹೆಸರು.
ಪೇಡ್. ಸರಿ, ದುಡ್ಡು ಸಂದಾಯವಾಗಿದೆ,
ಲೆಕ್ಕ ಚುಕ್ತಾ.
ಅಳಿಸಿದೆ. ಕಾಫಿಗೆ ಹೋದೆ.

ಸೆಪ್ಟೆಂಬರಿನ ಹುಣ್ಣಿಮೆ ಕಳೆದ ಮಾರನೆಯ ರಾತ್ರಿ, ಎಂಟೂ ಇಪ್ಪತ್ತು.
ಬಾರ್ಮತ್ ಬಂದರಿನಿಂದ ಮೆರೆರಿಡ್ ಹಂಫ್ರಿಸ್ ಫೋನು:
"ನೀರು ಏರುತ್ತಿದೆ ಮಾರಾಯ್ತಿ,
ನಿನ್ನ ಉಬ್ಬರದ ಮಾಪಕ ತುಟಿ ಬಿಚ್ಚುತ್ತಿಲ್ಲ."

ಮೊದಲು ತಂತಿ, ಆಮೇಲೆ ತಕರಾರು:
ಈ ಕಸುಬು ಕಲಿಸಿದ್ದು ಅಷ್ಟೇ.
ಹಗ್ಗ, ಬಲೆ, ಏಡಿಬುಟ್ಟಿಗಳ ಕೋಣೆಯ ಮೂಲೆಯಲ್ಲಿ ಸ್ವಿಚ್ಚು,
ಮೈಯೆಲ್ಲ ಉಪ್ಪು. ಒಂಬತ್ತನೆಯ ದೀಪ ಹಸಿರು.
ಕೇಬಲ್ಲು ಕಿತ್ತೆ, ಊದಿದೆ, ಮತ್ತೆ ಚುಚ್ಚಿದೆ. ಹಸಿರೇ.
ಪಿಂಗ್ ಮಾಡಿದರೆ ಮಾಪಕ ಓಗೊಟ್ಟಿತು,
ನಾಲ್ಕು ಸಲ ಕರೆದರೆ ನಾಲ್ಕೂ ಸಲ.
ಜ್ವರವಿಲ್ಲ, ನೋವಿಲ್ಲ, ಮಾತೂ ಇಲ್ಲ.
ಅಲ್ಲಿಂದ ಕಚೇರಿಯ ಸರ್ವರಿನತ್ತ ಹೆಜ್ಜೆ ಎಣಿಸಿದೆ:
ಒಂದು ರೂಟರು, ಎರಡು ರೂಟರು,
ಮೂರನೆಯದು ಬರಿ ನಕ್ಷತ್ರ, ನಾಲ್ಕನೆಯದೂ ನಕ್ಷತ್ರ.
ಮೋಡ ಕವಿದ ಆಕಾಶದಲ್ಲಿ ಅಂದು ಒಂದೂ ಇರಲಿಲ್ಲ.

ಕೊನೆಗೆ ಫೈರ್‌ವಾಲಿನ ದಿನಚರಿ ತೆರೆದೆ.
ಮೂವತ್ತು ಸೆಕೆಂಡಿಗೊಂದು ಸಾಲು:
ನಿರಾಕರಿಸಲಾಗಿದೆ.
ನಿರಾಕರಿಸಲಾಗಿದೆ.
ಏಳೂ ಐವತ್ತೆರಡರಿಂದ ಸಮುದ್ರ ಕದ ಬಡಿಯುತ್ತಿತ್ತು.
ನಮ್ಮ ಕಡೆ ಬಾಗಿಲ ಮೇಲೆ ಸುಣ್ಣದಲ್ಲಿ ಬರೆಯುತ್ತಿದ್ದರಲ್ಲ,
ನಾಳೆ ಬಾ,
ದೆವ್ವ ಓದಿಕೊಂಡು ಹಿಂದಿರುಗಲೆಂದು.
ಹಾಗೇ ಬರೆದಿಟ್ಟಿದ್ದೆ ನಾನು.
ಬಂದದ್ದು ದೆವ್ವವಲ್ಲ, ಒಂದು ಅಂಕಿ:
ಐದು ಮೀಟರು, ಒಂಬತ್ತು ಸೆಂಟಿಮೀಟರು.
ಐದು ದಾಟಿದರೆ ಮಾತ್ರ ಬಾಯಿ ತೆರೆ ಎಂದು
ಆಲ್ವಿನ್ ಅದಕ್ಕೆ ಕಲಿಸಿದ್ದನಂತೆ.
ವರ್ಷಕ್ಕೆರಡು ಸಲ, ಹೆಚ್ಚೆಂದರೆ ಮೂರು.

ಮೆರೆರಿಡ್ ನನಗಾಗಿ ಕಾಯಲಿಲ್ಲ.
ಮೆಟ್ಟಿಲ ಗೋಡೆಯ ಬಣ್ಣದ ಗೀಟುಗಳನ್ನು ಟಾರ್ಚಿನಲ್ಲಿ ಓದಿ
ಗೇಟಿನ ಚಕ್ರ ತಾನೇ ತಿರುಗಿಸಿ ಬಂದು
ಬೂಟಿನೊಳಗಿನ ನೀರನ್ನು ನನ್ನ ಲ್ಯಾಪ್‌ಟಾಪಿನ ಪಕ್ಕದಲ್ಲೇ ಚೆಲ್ಲಿದಳು.
ಹಳೆಯ ಪ್ರತಿಯ ಆ ಷರಾ ನೋಡಿ ನಗಲಿಲ್ಲ, ಅದೇ ಕಷ್ಟವಾಯಿತು.
"ಪೇಡ್ ಅಲ್ಲ, ಪೈಡ್. ನಮ್ಮ ವೆಲ್ಷ್ ಮಾತು.
ಬೇಡ ಅಂತ. ಮುಟ್ಟಬೇಡ ಅಂತ."

ಬೇಡ.
ಆ ಪ-ವನ್ನು ಬ ಎಂದು ತಪ್ಪಾಗಿ ಓದಿದ್ದರೂ
ಸರಿಯಾಗುತ್ತಿತ್ತಲ್ಲ, ನನ್ನ ತಾಯಿನುಡಿಯಲ್ಲೇ!

ಸಾಲನ್ನೆತ್ತಿ ಅದರ ಜಾಗದಲ್ಲೇ ಕೂರಿಸಿದೆ,
ಎಲ್ಲರನ್ನೂ ತಡೆಯುವ ಕಟ್ಟಕಡೆಯ ನಿಯಮಕ್ಕಿಂತ ಬಹಳ ಮೇಲೆ.
ಎಣಿಕೆ ಒಂದು. ಎರಡು. ಮೂರು.
ಗೋಡೆಯ ಸೈರನ್ನು ಕೆಮ್ಮಿ, ಗಂಟಲು ಸರಿಮಾಡಿ ಕೂಗಿತು.
ಅಷ್ಟರಲ್ಲಿ ನೀರು ಇಳಿಯತೊಡಗಿತ್ತು.
"ಈಗ ಕೂಗಿ ಏನು ಸುಖ," ಅಂದಳು ಮೆರೆರಿಡ್
ಕಿವಿ ಮುಚ್ಚಿಕೊಂಡು.

ಹೋಗುವ ಮುನ್ನ ಆಲ್ವಿನ್ನನ ಹೆಸರಿನ ಪಕ್ಕ
ನನ್ನದೂ ಇರಲೆಂದು ಟೈಪು ಮಾಡಿದೆ: ಬೇಡ.
ಪೆಟ್ಟಿಗೆಗೆ ಕನ್ನಡ ಬರದು.
ತೋರಿಸಿದ್ದು ಮೂರು ಪ್ರಶ್ನೆ ಚಿಹ್ನೆ.
ಅಳಿಸಲು ಹೋದವಳು ಕೈ ತಡೆದೆ.
ಇರಲಿ. ಮುಂದೆ ಕಸ ಗುಡಿಸಲು ಬಂದವರು
ಯಾರನ್ನಾದರೂ ಕೇಳಿಯಾರು.